ಏಳು ನೀರು, ಒಂದು ಹಿಡಿ ಮಣ್ಣು

ಸಿಂಗಪುರ ನಗರದ ಕಾಂಪೋಂಗ್ ಗ್ಲಾಮ್ ಎಂಬ ಹಳೆಯ ಕೇರಿಯಲ್ಲಿ ಸುಲ್ತಾನ್ ಮಸೀದಿಯಿದೆ. ಅದರ ಹೊಂಬಣ್ಣದ ಗುಮ್ಮಟವನ್ನು ದೂರದಿಂದ ಕಂಡು ಸಮೀಪಕ್ಕೆ ಬಂದ ಪ್ರವಾಸಿಗನು ಕತ್ತೆತ್ತಿ ನೋಡಿದರೆ, ಗುಮ್ಮಟದ ಬುಡದಲ್ಲಿ ಕಪ್ಪನೆಯ ಪಟ್ಟಿಯೊಂದು ಸುತ್ತುವರಿದಿರುವುದು ಕಾಣುತ್ತದೆ. ಯಾವುದೋ ಕರಿಯ ಕಲ್ಲಿನ ಕೆತ್ತನೆಯಿರಬೇಕೆಂದು ಮೊದಲ ನೋಟಕ್ಕೆ ತೋರುವ ಆ ಪಟ್ಟಿ ಕಲ್ಲಿನದಲ್ಲ. ಸಾಲುಸಾಲಾಗಿ ಒತ್ತಿ ಜೋಡಿಸಿದ ಗಾಜಿನ ಸೀಸೆಗಳ ತಳಗಳು! 1824ರಲ್ಲಿ ಆರಂಭವಾದ ಮೊದಲ ಮಸೀದಿ ಕಾಲಕ್ರಮದಲ್ಲಿ ಶಿಥಿಲವಾಗಲು, ಡೆನಿಸ್ ಸ್ಯಾಂಟ್ರಿ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ಕಟ್ಟಡವೆದ್ದು 1932ರಲ್ಲಿ ಪೂರ್ಣವಾಯಿತು. ಹಣವುಳ್ಳವರು ಹಣ ಕೊಟ್ಟರು. ಹಣವಿಲ್ಲದವರು ಸೀಸೆಗಳನ್ನು ತಂದು ಕೊಟ್ಟರು. ಬಡವನ ಕಾಣಿಕೆಗೂ ಗುಮ್ಮಟದಲ್ಲಿ ಒಂದು ಸ್ಥಾನವಿರಲೆಂದು ಹಾಗೆ ಮಾಡಿದರಂತೆ.

ಆ ಸೀಸೆಗಳಲ್ಲಿ ಮೊದಲು ಏನಿತ್ತೆಂದು ಅಂದು ಯಾರಾದರೂ ವಿಚಾರಿಸಿದರೋ ಇಲ್ಲವೋ! ಇಂದು ಅದೇ ನಗರದಲ್ಲಿ ಊಟದ ಅಂಗಡಿಯೊಂದು ತನ್ನ ಗೋಡೆಯ ಮೇಲೆ 'ಹಲಾಲ್' ಎಂಬ ಹಸಿರು ಮುದ್ರೆ ಇರಬೇಕೆಂದು ಬಯಸಿದರೆ ಮಾತ್ರ, ಅದರ ಅಡುಗೆಮನೆಯಲ್ಲಿರುವ ಒಂದೊಂದು ಸೀಸೆಯೂ ಜಬಾಬು ಹೇಳಬೇಕಾಗುತ್ತದೆ: ನಿನ್ನೊಳಗೆ ಏನಿದೆ? ನೀನು ಯಾರ ಕಾರ್ಖಾನೆಯಿಂದ ಬಂದೆ? ನಿನ್ನ ಪರವಾಗಿ ಸಾಕ್ಷಿ ನುಡಿಯುವ ಕಾಗದವೆಲ್ಲಿ?

ಮಸೀದಿಗೆ ಎದುರಾಗಿ ನಾರ್ತ್ ಬ್ರಿಡ್ಜ್ ರಸ್ತೆಯಲ್ಲಿ ಮುರ್ತಬಕ್ ಅಂಗಡಿಗಳಿವೆ. ಮೈದಾಹಿಟ್ಟಿನ ಉಂಡೆಯನ್ನು ಗಾಳಿಯಲ್ಲಿ ಬೀಸಿ ಬೀಸಿ ಪಂಚೆಯಂತೆ ತೆಳ್ಳಗೆ ಮಾಡಿ, ನಡುವೆ ಖೀಮಾ, ಈರುಳ್ಳಿ, ಮೊಟ್ಟೆಗಳನ್ನು ಸುರಿದು, ನಾಲ್ಕು ಕಡೆಯಿಂದ ಮಡಿಸಿ ಕಾವಲಿಯ ಮೇಲೆ ಬೇಯಿಸಿದ ಭಕ್ಷ್ಯವೇ ಮುರ್ತಬಕ್. ಇವುಗಳಲ್ಲಿ ಜಮ್ ಜಮ್ ಎಂಬ ಅಂಗಡಿ 1908ರಿಂದ ನಡೆದುಬಂದಿದೆ. ಅದನ್ನು ಆರಂಭಿಸಿದವರು ಕೇರಳದಿಂದ ಕಡಲು ದಾಟಿ ಹೋದವರು. ಹಿಂದಿನ ಕಾಲದಲ್ಲಿ ಇಂಥ ಅಂಗಡಿಯ ಮುಂದೆ ನಿಂತ ಮುಸಲ್ಮಾನನಿಗೆ ಯಾವ ಮುದ್ರೆಯೂ ಬೇಕಿರಲಿಲ್ಲ. ಅಡುಗೆಯವನ ಹೆಸರು, ತಲೆಯ ಮೇಲಿನ ಟೋಪಿ, ಶುಕ್ರವಾರದ ಪ್ರಾರ್ಥನೆಯಲ್ಲಿ ಅವನನ್ನು ಕಂಡ ನೆನಪು — ಇಷ್ಟೇ ಸಾಕಾಗಿತ್ತು. ಪರಿಚಯವೇ ಪ್ರಮಾಣಪತ್ರ.

ಪರಿಚಯವು ಸುಲಭವಾಗಿದ್ದುದಕ್ಕೆ ಕಾರಣವೂ ಇತ್ತು. 1822ರಲ್ಲಿ ಸ್ಟ್ಯಾಂಫರ್ಡ್ ರಾಫಲ್ಸನು ರೂಪಿಸಿದ ನಗರಯೋಜನೆಯು ಒಂದೊಂದು ಜನಾಂಗಕ್ಕೂ ಒಂದೊಂದು ಕೇರಿಯನ್ನು ಗೊತ್ತುಮಾಡಿತ್ತು. ನದಿಯ ಆಚೆ ದಂಡೆಯಲ್ಲಿ ಚೀಣೀಯರು, ಕಾಂಪೋಂಗ್ ಗ್ಲಾಮಿನಲ್ಲಿ ಮಲಯರು, ಅರಬರು ಮತ್ತು ಬುಗಿಸರು, ತಮಿಳು ನಾಡಿನ ಕರಾವಳಿಯಿಂದ ಬಂದವರಿಗೆ ಚೂಲಿಯಾ ಕೇರಿ. ಕೇರಿ ಬೇರೆ; ಆದ್ದರಿಂದ ಒಲೆಯೂ ಬೇರೆ. ಚೀಣೀಯನ ಬಾಣಲೆಯಲ್ಲಿ ಹಂದಿಕೊಬ್ಬು ಚಟಪಟಗುಟ್ಟುತ್ತಿದ್ದರೆ ಅದರ ವಾಸನೆ ಮಲಯನ ಮನೆಯವರೆಗೆ ಬರುತ್ತಿರಲಿಲ್ಲ. ಆದರೆ ಹೀಗೆ ಬೇರೆಬೇರೆಯಾಗಿ ಬಾಳಿದ್ದರ ಫಲವು ಸಿಹಿಯಾಗಿರಲಿಲ್ಲ. 1964ರ ಜುಲೈ 21ರಂದು ಪ್ರವಾದಿಯ ಜನ್ಮದಿನದ ಮೆರವಣಿಗೆಯ ಸಮಯದಲ್ಲಿ ಮಲಯರಿಗೂ ಚೀಣೀಯರಿಗೂ ನಡುವೆ ಹೊತ್ತಿದ ಗಲಭೆಯಲ್ಲಿ 23 ಜನರು ಸತ್ತರು. 454 ಜನರು ಗಾಯಗೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಗಲಭೆಯಾಗಿ ಇನ್ನೂ 13 ಜನರು ಪ್ರಾಣ ಕಳೆದುಕೊಂಡರು. ಮರುವರ್ಷ ಆಗಸ್ಟಿನಲ್ಲಿ ಸ್ವತಂತ್ರವಾದ ಈ ಪುಟ್ಟ ರಾಷ್ಟ್ರವು ಆ ದಿನಗಳನ್ನು ಮರೆತಿಲ್ಲ. ಇಂದಿಗೂ ಜುಲೈ 21ನ್ನು ಶಾಲೆಗಳಲ್ಲಿ ಜನಾಂಗ ಸಾಮರಸ್ಯದ ದಿನವೆಂದು ಆಚರಿಸುತ್ತಾರೆ.

ಕೇರಿಗಳನ್ನು ಕರಗಿಸುವುದೇ ಸರ್ಕಾರದ ಧೋರಣೆಯಾಯಿತು. 1960ರಲ್ಲಿ ಸ್ಥಾಪಿತವಾದ ವಸತಿ ಮಂಡಳಿಯು ಊರಿಗೆ ಊರನ್ನೇ ಬಹುಮಹಡಿ ಕಟ್ಟಡಗಳಿಗೆ ಏರಿಸಿತು. 1989ರಲ್ಲಿ ಬಂದ ನಿಯಮದ ಪ್ರಕಾರ ಒಂದು ಕಟ್ಟಡದಲ್ಲಿ ಒಂದು ಜನಾಂಗದವರು ಇಂತಿಷ್ಟಕ್ಕಿಂತ ಹೆಚ್ಚಿಗೆ ಮನೆ ಹೊಂದುವಂತಿಲ್ಲ. ಹೀಗಾಗಿ ಚೀಣೀಯನ ಪಕ್ಕದ ಬಾಗಿಲು ಮಲಯನದು, ಎದುರು ಬಾಗಿಲು ತಮಿಳನದು. ಮೆಟ್ಟಿಲಿಳಿದರೆ ಎಲ್ಲರಿಗೂ ಒಂದೇ ಉಪಾಹಾರ ಕೇಂದ್ರ. ಬೀದಿಬದಿಯಲ್ಲಿ ಒಲೆ ಹೂಡಿಕೊಂಡಿದ್ದ ವ್ಯಾಪಾರಿಗಳನ್ನು 1971ರಿಂದ 1986ರವರೆಗೆ ಛಾವಣಿ, ನಲ್ಲಿ, ಚರಂಡಿಗಳಿರುವ ಈ ಕೇಂದ್ರಗಳಿಗೆ ಸ್ಥಳಾಂತರಿಸಿದರು. 'ಹಾಕರ್ ಸೆಂಟರ್' ಎಂದು ಕರೆಯಿಸಿಕೊಳ್ಳುವ ಇವುಗಳ ಸಂಸ್ಕೃತಿಯನ್ನು 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ಕೇಂದ್ರವೊಂದರಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ನಿಂತವನಿಗೆ ಜಾತ್ರೆಯ ಅನುಭವವಾಗುತ್ತದೆ. ಒಂದು ಮಳಿಗೆಯಲ್ಲಿ ಅಗಲವಾದ ಅಕ್ಕಿಶಾವಿಗೆಯನ್ನು ಹಂದಿಕೊಬ್ಬಿನಲ್ಲಿ ಹುರಿಯುವ ಚಾರ್ ಕ್ವೇ ತಿಯಾವ್. ಅದರಿಂದ ನಾಲ್ಕು ಮಾರು ದೂರದಲ್ಲಿ ತೆಂಗಿನಹಾಲಿನಲ್ಲಿ ಬೇಯಿಸಿದ ಮಲಯರ ನಾಸಿ ಲೆಮಾಕ್. ಆಚೆಗೆ ಮೀನಿನ ತಲೆಯ ಸಾರು. ಈಚೆಗೆ ಬಾಳೆಲೆಯ ಮೇಲೆ ದೋಸೆ. ಮೇಜುಗಳು ಮಾತ್ರ ಯಾರವೂ ಅಲ್ಲ, ಎಲ್ಲರವು. 2020ರ ಜನಗಣತಿಯ ಪ್ರಕಾರ ಹದಿನೈದು ವರ್ಷಕ್ಕೆ ಮೇಲ್ಪಟ್ಟ ನಿವಾಸಿಗಳಲ್ಲಿ ಮುಸಲ್ಮಾನರು ಶೇಕಡ 15.6, ಹಿಂದೂಗಳು ಶೇಕಡ 5. ಮನೆಗಳನ್ನು ಬೆರೆಸುವುದಕ್ಕೆ ಸರ್ಕಾರದ ಒಂದು ಆಜ್ಞೆ ಸಾಕಾಯಿತು. ಆದರೆ ತಟ್ಟೆಗಳನ್ನು ಬೆರೆಸುವುದು ಹೇಗೆ? ಕಚೇರಿಯ ಐವರು ಗೆಳೆಯರು ಒಟ್ಟಿಗೆ ಊಟಕ್ಕೆ ಹೊರಟಾಗ, ಅವರಲ್ಲೊಬ್ಬನು 'ಅಲ್ಲಿ ನಾನು ತಿನ್ನುವಂತಿಲ್ಲ' ಎಂದು ಹಿಂದೆ ಉಳಿದರೆ, ಉಳಿದ ನಾಲ್ವರು ಏನು ಮಾಡಬೇಕು? ಹಸಿರು ಮುದ್ರೆಯ ಬೆಲೆ ತಿಳಿಯುವುದು ಈ ಪ್ರಶ್ನೆಯ ಮುಂದೆ.

ಪದದ ಅರ್ಥ, ಕಚೇರಿಯ ಅರ್ಥ

ಹಲಾಲ್ ಎಂದರೆ ವಿಹಿತವಾದದ್ದು, ಸಲ್ಲುವಂಥದ್ದು. ಹಂದಿ, ರಕ್ತ, ತಾನಾಗಿ ಸತ್ತ ಪ್ರಾಣಿ, ಮದ್ಯ — ಇವು ನಿಷಿದ್ಧ. ಸಲ್ಲುವ ಪ್ರಾಣಿಯಾದರೂ ದೇವರ ಹೆಸರು ಹೇಳಿ ಹರಿತವಾದ ಕತ್ತಿಯಿಂದ ಕೊಯ್ದಿರಬೇಕು. ಮೀನಿಗೆ ಈ ನಿರ್ಬಂಧವಿಲ್ಲ. 2022ರ ಯುಗಾದಿಯ ಹೊಸತೊಡಕಿನ ವೇಳೆಗೆ ಕರ್ನಾಟಕದಲ್ಲಿ ಈ ಪದವು ಬೀದಿಯ ವಾದಕ್ಕೆ ವಸ್ತುವಾದದ್ದು ವಾಚಕರಿಗೆ ನೆನಪಿದ್ದೀತು. ಸಿಂಗಪುರದಲ್ಲಾದರೋ ಅದು ಬಹಳ ಹಿಂದೆಯೇ ಬೀದಿಯಿಂದ ಎದ್ದು ಕಚೇರಿಯೊಳಕ್ಕೆ ಹೋಗಿ ಕುಳಿತಿದೆ. ಕಡತದ ಒಳಗೆ ಸೇರಿದ ಪದಕ್ಕೆ ಆವೇಶ ಕಡಮೆ, ಆಯುಸ್ಸು ಹೆಚ್ಚು.

ಆ ಕಚೇರಿಯ ಹೆಸರು ಮಜ್ಲಿಸ್ ಉಗಾಮ ಇಸ್ಲಾಂ ಸಿಂಗಾಪುರ. ಜನರ ಬಾಯಲ್ಲಿ 'ಮುಯಿಸ್'. 1966ರ ಮುಸ್ಲಿಂ ಕಾನೂನು ಆಡಳಿತದ ಶಾಸನದಂತೆ 1968ರಲ್ಲಿ ಈ ಮಂಡಳಿ ಹುಟ್ಟಿತು. ಇಂದು ಅದು ಬ್ರ್ಯಾಡೆಲ್ ರಸ್ತೆಯಲ್ಲಿ ಮಸೀದಿಯೊಂದರ ಪಕ್ಕದಲ್ಲಿ ಕೆಲಸ ಮಾಡುತ್ತಿದೆ. ಮಸೀದಿಗಳ ಆಡಳಿತ, ಜಕಾತು, ಹಜ್ ಯಾತ್ರೆಯ ವ್ಯವಸ್ಥೆಗಳ ಜೊತೆಗೆ 1978ರಿಂದ ಹಲಾಲ್ ಪ್ರಮಾಣಪತ್ರ ಕೊಡುವ ಕೆಲಸವೂ ಅದರದಾಯಿತು. 1999ರಲ್ಲಿ ಶಾಸನವನ್ನು ತಿದ್ದಿ, ಈ ಅಧಿಕಾರ ಮತ್ತಾರಿಗೂ ಇಲ್ಲವೆಂದು ವಿಧಿಸಿದರು. ಮುದ್ರೆಯನ್ನು ಪಡೆಯಲೇಬೇಕೆಂಬ ಬಲಾತ್ಕಾರ ಯಾವ ಅಂಗಡಿಗೂ ಇಲ್ಲ. ಆದರೆ ಪಡೆಯದೆ ಪಡೆದಂತೆ ತೋರಿಸಿಕೊಂಡರೆ ಹತ್ತು ಸಾವಿರ ಸಿಂಗಪುರ ಡಾಲರುಗಳವರೆಗೆ ದಂಡ, ಇಲ್ಲವೆ ಹನ್ನೆರಡು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ! ಒಂದು ಮತದ ಪದಕ್ಕೆ ರಾಷ್ಟ್ರದ ನ್ಯಾಯಾಲಯ ಕಾವಲು ನಿಂತಿರುವುದು ವಿಚಿತ್ರವೆಂದು ತೋರಬಹುದು. ಆದರೆ ಆ ಪದವನ್ನು ನಂಬಿ ಹಣ ಕೊಡುವ ಗ್ರಾಹಕನ ಕಡೆಯಿಂದ ನೋಡಿದರೆ, ತಕ್ಕಡಿಯ ಬಟ್ಟಿಗೆ ಸರ್ಕಾರ ಮುದ್ರೆ ಒತ್ತುವುದಕ್ಕಿಂತ ಇದು ಹೆಚ್ಚಿನದೇನೂ ಅಲ್ಲ.

ಅಡುಗೆಮನೆಯ ವಿಚಾರಣೆ

ಅಂಗಡಿಯ ಯಜಮಾನನು ಮುಸಲ್ಮಾನನೇ ಆಗಿರಬೇಕೆಂಬ ನಿಯಮವಿಲ್ಲ. ಚೀಣೀಯರು ನಡೆಸುವ ಕೋಳಿ ಅನ್ನದ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹೈನಾನ್ ದ್ವೀಪದವರು ಸಿಂಗಪುರಕ್ಕೆ ಕೊಟ್ಟ ಈ ಊಟ ನೋಡುವುದಕ್ಕೆ ಬಹಳ ಸಾಧು: ನೀರಿನಲ್ಲಿ ಮೆಲ್ಲನೆ ಬೇಯಿಸಿದ ಕೋಳಿ; ಶುಂಠಿ, ಬೆಳ್ಳುಳ್ಳಿ, ಕೋಳಿಯ ಕೊಬ್ಬುಗಳಲ್ಲಿ ಹುರಿದು ಅದೇ ಸಾರಿನಲ್ಲಿ ಬೇಯಿಸಿದ ಅನ್ನ; ಪಕ್ಕಕ್ಕೆ ಮೆಣಸಿನಕಾಯಿ ಚಟ್ನಿ, ಸೌತೆಕಾಯಿಯ ನಾಲ್ಕು ಹೋಳು. ಹಂದಿಯ ಸುಳಿವೇ ಇಲ್ಲದ ಮೇಲೆ ಮುದ್ರೆ ದೊರೆಯುವುದೇನು ಕಷ್ಟ ಎಂದು ಯಜಮಾನನು ಭಾವಿಸಿದರೆ ತಪ್ಪಲ್ಲ. ಕಷ್ಟದ ಆರಂಭವೂ ಅಲ್ಲಿಯೇ.

ಮೊದಲು ಕೋಳಿ. ಅದು ಹಲಾಲ್ ಪ್ರಮಾಣಪತ್ರವಿರುವ ಕಸಾಯಿಖಾನೆಯಿಂದ ಬಂದಿರಬೇಕು. ಬಂದುದಕ್ಕೆ ರಶೀದಿ ಇರಬೇಕು. ಆಮೇಲೆ ಕಪಾಟಿನ ಸರದಿ. ಕೋಳಿಯ ಮೈಗೆ ಸವರುವ ಸೋಯಾ ಸಾರ, ಸೊಪ್ಪಿನ ಮೇಲೆ ಸುರಿಯುವ ಸಿಂಪಿ ಸಾರ, ಎಳ್ಳೆಣ್ಣೆ, ರುಚಿಯ ಪುಡಿ — ಒಂದೊಂದಕ್ಕೂ ತಯಾರಕನ ಹೆಸರು ಮತ್ತು ಅದರ ಘಟಕಗಳ ವಿವರ ಬೇಕು. ಚೀಣೀ ಅಡುಗೆಯವನು ಕೈಯಳತೆಯಲ್ಲಿ ಎರಚುವ ಅಕ್ಕಿಯ ಮದ್ಯವಂತೂ ಬಾಗಿಲಿನಿಂದ ಹೊರಗೆ. ಗ್ರಾಹಕರಿಗೆ ಬೀರು ಕೊಡುತ್ತಿದ್ದರೆ ಅದೂ ನಿಲ್ಲಬೇಕು. ರೊಟ್ಟಿ ಕೇಕುಗಳ ಅಂಗಡಿಯಾದರೆ ವಿಚಾರಣೆ ಮತ್ತಷ್ಟು ಸೂಕ್ಷ್ಮ. ಮೃದುವಾದ ಮಿಠಾಯಿಯಲ್ಲಿರುವ ಜೆಲಟಿನ್ ಯಾವ ಪ್ರಾಣಿಯ ಮೂಳೆ ಚರ್ಮಗಳಿಂದ ಬಂದದ್ದು? ವೆನಿಲಾ ಸಾರವನ್ನು ಯಾವುದರಲ್ಲಿ ಕರಗಿಸಿದ್ದಾರೆ? ರೊಟ್ಟಿಯ ಮೇಲೆ ಬೆಣ್ಣೆ ಸವರುವ ಕುಂಚದ ಕೂದಲು ಯಾವುದರದು? ಕುಂಚದ ಕೂದಲು ಹಂದಿಯದಾಗಿದ್ದರೆ ಒಳಗಿನ ಹಿಟ್ಟು ಸಕ್ಕರೆಗಳೆಲ್ಲ ಪರಿಶುದ್ಧವಾಗಿದ್ದೂ ಪ್ರಯೋಜನವಿಲ್ಲ. ಜೆಲಟಿನ್ ಬದಲಿಗೆ ಕಡಲಪಾಚಿಯಿಂದ ತೆಗೆದ ಅಗರ್ ಬಳಸುವುದುಂಟು. ಬೆಂಗಳೂರು, ಮೈಸೂರುಗಳ ಗೃಹಿಣಿಯರು 'ಚೈನಾ ಗ್ರಾಸ್' ಎಂದು ಪೊಟ್ಟಣ ತಂದು ಹಾಲಿನಲ್ಲಿ ಕರಗಿಸಿ ಮಕ್ಕಳಿಗೆ ಮಾಡಿಕೊಡುವ ವಸ್ತುವೇ ಇದು.

ಪದಾರ್ಥಗಳು ಮುಗಿದ ಮೇಲೆ ಮನುಷ್ಯರ ಸರದಿ. ಕೆಲಸಗಾರರಲ್ಲಿ ಮುಸಲ್ಮಾನರಿರಬೇಕು, ಹಲಾಲ್ ವಿಷಯಕ್ಕೆ ಹೊಣೆಯಾದ ಒಂದು ತಂಡವಿರಬೇಕು, ಅವರು ತರಬೇತಿ ಪಡೆದಿರಬೇಕು. ಮನೆಯಿಂದ ಬುತ್ತಿ ತರುವ ಕೆಲಸಗಾರನು ಅದನ್ನು ಅಡುಗೆಮನೆಯೊಳಗೆ ಬಿಚ್ಚುವಂತಿಲ್ಲ. ಹೆಂಡತಿ ಮಾಡಿಕೊಟ್ಟ ಹಂದಿಮಾಂಸದ ಪಲ್ಯ ಡಬ್ಬಿಯಲ್ಲಿದ್ದರೆ, ಆ ಡಬ್ಬಿಯೊಂದೇ ಇಡೀ ಅಂಗಡಿಯ ಮುದ್ರೆಗೆ ಕುತ್ತು ತರಬಲ್ಲದು. ಗ್ರಾಹಕನಾದರೂ ಹೊರಗಿನ ತಿಂಡಿಯನ್ನು ತಂದು ಮೇಜಿನ ಮೇಲಿಟ್ಟು ತಿನ್ನಕೂಡದೆಂದು ಗೋಡೆಯ ಮೇಲೆ ಫಲಕ ತೂಗುತ್ತದೆ.

ಇದೆಲ್ಲವನ್ನೂ ನೋಡಿಕೊಳ್ಳುವುದಕ್ಕೆ 2008ರಿಂದ ಒಂದು ಕ್ರಮಬದ್ಧವಾದ ಪದ್ಧತಿ ಜಾರಿಯಲ್ಲಿದೆ. ಸಾಮಾನು ಬಾಗಿಲಲ್ಲಿ ಇಳಿಯುವ ಕ್ಷಣದಿಂದ ಊಟ ಮೇಜಿಗೆ ಬರುವ ಕ್ಷಣದವರೆಗೆ ದಾರಿಯ ನಕ್ಷೆ ಬರೆದು, ಎಲ್ಲೆಲ್ಲಿ ಕೆಡುವ ಸಂಭವವಿದೆಯೋ ಅಲ್ಲಲ್ಲಿ ಒಂದು ಕಾವಲು ನೇಮಿಸುವುದು ಅದರ ಸಾರ. ಈ ಪದ್ಧತಿಯ ಮೂಲಪುರುಷರು ಮೌಲವಿಗಳಲ್ಲ, ಗಗನಯಾತ್ರಿಗಳು! 1960ರ ದಶಕದಲ್ಲಿ ಬಾಹ್ಯಾಕಾಶಕ್ಕೆ ಹೋಗುವವರ ಆಹಾರದಲ್ಲಿ ಯಾವ ರೋಗಾಣುವೂ ಸೇರದಿರಲೆಂದು ಅಮೆರಿಕದ ನಾಸಾ ಸಂಸ್ಥೆಯೂ ಪಿಲ್ಸ್‌ಬರಿ ಎಂಬ ಹಿಟ್ಟಿನ ಕಂಪನಿಯೂ ಸೇರಿ ಕಂಡುಹಿಡಿದ ಕ್ರಮವದು. ಮುಂದೆ ಅದು ಜಗತ್ತಿನ ಆಹಾರ ಕಾರ್ಖಾನೆಗಳಿಗೆಲ್ಲ ಹರಡಿತು. ಆ ಕ್ರಮದ ಮಾದರಿಯಲ್ಲಿಯೇ ಸಿಂಗಪುರದ ಧಾರ್ಮಿಕ ಮಂಡಳಿಯು, ರೋಗಾಣುವಿಗೆ ಹಾಕಿದ್ದ ಕಾವಲನ್ನು ನಿಷಿದ್ಧಕ್ಕೂ ಹಾಕಿತು.

ಮುದ್ರೆ ಸಿಕ್ಕಿತೆಂದು ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಅದಕ್ಕೆ ಅವಧಿಯುಂಟು, ಅವಧಿ ತೀರಿದ ಮೇಲೆ ನವೀಕರಣ, ನಡುನಡುವೆ ಹೇಳದೆ ಕೇಳದೆ ಬರುವ ಪರೀಕ್ಷಕರು. ಸಾಮಾನು ಸರಬರಾಜು ಮಾಡುವವನು ಬದಲಾದರೂ ಮಂಡಳಿಗೆ ತಿಳಿಸಬೇಕು. 2022ರ ಜೂನ್ 1ರಿಂದ ಮಲೇಶಿಯಾ ಕೋಳಿಗಳ ರಫ್ತನ್ನು ನಿಲ್ಲಿಸಿದಾಗ ಸಿಂಗಪುರದ ಕೋಳಿ ಅನ್ನದವರಿಗೆ ಎದ್ದದ್ದು ಎರಡು ಬಗೆಯ ಸಂಕಟ. ಅದುವರೆಗೆ ನಗರಕ್ಕೆ ಬರುತ್ತಿದ್ದ ಕೋಳಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಗಡಿಯಾಚೆಯಿಂದ ಜೀವಂತವಾಗಿ ಬಂದು ಸಿಂಗಪುರದಲ್ಲಿಯೇ ಕೊಯ್ಯಿಸಿಕೊಳ್ಳುತ್ತಿತ್ತು. ತಾಜಾ ಕೋಳಿ ತಪ್ಪಿ ಹಿಮಗಟ್ಟಿದ ಕೋಳಿಗೆ ತಿರುಗಿದಾಗ ರುಚಿಯ ಚಿಂತೆ ಎಲ್ಲರಿಗೂ ಇತ್ತು. ಮುದ್ರೆಯಿದ್ದವರಿಗೆ ಅದರ ಮೇಲೆ ಹೊಸ ಕೋಳಿಯ ಹೊಸ ಕಾಗದಗಳ ಚಿಂತೆ.

ಕೊಳೆ ಬೇರೆ, ಮೈಲಿಗೆ ಬೇರೆ

ಮೊದಲಿನಿಂದ ಹಂದಿಮಾಂಸ ಬೇಯಿಸುತ್ತಿದ್ದ ಅಂಗಡಿಯು ಹಲಾಲ್ ಆಗಬೇಕೆಂದರೆ ಇಷ್ಟೂ ಸಾಲದು. ಅಲ್ಲಿಯ ಪಾತ್ರೆ, ಕತ್ತಿ, ಕಟ್ಟೆ, ಒಲೆಗಳಿಗೆ ವಿಧಿಪೂರ್ವಕವಾದ ಶುದ್ಧಿಯಾಗಬೇಕು. ಸಿಂಗಪುರದ ಮುಸಲ್ಮಾನರಲ್ಲಿ ಹೆಚ್ಚಿನವರು ಶಾಫಿ ಪಂಥದವರು. ಆ ಪಂಥದಲ್ಲಿ ಹಂದಿ ನಾಯಿಗಳ ಸ್ಪರ್ಶವು ಅತಿ ಭಾರಿಯಾದ ಅಶುದ್ಧಿ. ಅದು ಸಾಬೂನಿಗೆ ಹೋಗುವಂಥದಲ್ಲ. ಮೊದಲು ಜಿಡ್ಡು ಕೊಳೆಗಳನ್ನೆಲ್ಲ ಉಜ್ಜಿ ತೆಗೆದು, ಬಳಿಕ ಏಳು ಸಲ ನೀರು ಹಾಯಿಸಬೇಕು. ಆ ಏಳರಲ್ಲಿ ಒಂದು ಸಲದ ನೀರಿಗೆ ಶುದ್ಧವಾದ ಮಣ್ಣನ್ನು ಕಲಸಿರಬೇಕು.

ಉಕ್ಕಿನ ಕನ್ನಡಿಯಂಥ ಕಟ್ಟೆ, ವಿದ್ಯುತ್ತಿನ ಒಲೆ, ತಂಪು ಪೆಟ್ಟಿಗೆ, ಗಾಜಿನ ಬಾಗಿಲುಗಳಿರುವ ಈ ಕಾಲದ ಅಡುಗೆಮನೆಯಲ್ಲಿ ಒಬ್ಬನು ಬಕೆಟ್ಟಿಗೆ ಮಣ್ಣು ಕದಡುತ್ತಾ ನಿಂತಿರುವುದನ್ನು ಕಲ್ಪಿಸಿಕೊಳ್ಳಿರಿ! ಸ್ವಚ್ಛವಾಗಿರುವುದನ್ನು ಮಣ್ಣಿನಿಂದ ತೊಳೆಯುವುದು ಎಲ್ಲಾದರೂ ಉಂಟೆ ಎಂದು ಹೊರಗಿನವನು ನಗಬಹುದು. ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಬೆಳೆದವರು ಮಾತ್ರ ನಗಲಾರರು. ಮಣ್ಣು ಹಚ್ಚಿ ಇಂತಿಷ್ಟು ಬಾರಿ ಕೈ ತೊಳೆಯಬೇಕೆಂಬ ಮೃತ್ತಿಕಾಶೌಚದ ವಿಧಿ ಧರ್ಮಶಾಸ್ತ್ರಗಳಲ್ಲಿಯೂ ಇದೆ. ಕೊಳೆ ಬೇರೆ, ಮೈಲಿಗೆ ಬೇರೆ ಎಂಬ ವಿವೇಚನೆಯನ್ನು ಅಲ್ಲಿಯ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡೂ ಒಂದೇ ಎಂದು ಹೇಳುವುದು ಸರಿಯಲ್ಲ. ಮಡಿಯ ನಿಯಮಗಳು ಮನುಷ್ಯರನ್ನೂ ದೂರವಿರಿಸಿದವು. ಶಾಫಿ ಪಂಥದ ಈ ಏಳು ನೀರಿಗೆ ಬಾಣಲೆಯ ಜಾತಿಯೂ ಇಲ್ಲ, ಬಾಣಲೆಯ ಯಜಮಾನನ ಜಾತಿಯೂ ಇಲ್ಲ. ನಿನ್ನೆಯವರೆಗೆ ಹಂದಿಮಾಂಸ ಬೆಂದ ಪಾತ್ರೆಯನ್ನೂ ಅದು ಎಸೆಯೆನ್ನುವುದಿಲ್ಲ, ತೊಳೆ ಎನ್ನುತ್ತದೆ.

ಆದರೂ ಎಸೆಯಬೇಕಾದದ್ದು ಇದ್ದೇ ಇರುತ್ತದೆ. ತಂದೆಯ ಕಾಲದಿಂದ ಹಂದಿಕೊಬ್ಬಿನಲ್ಲಿ ಪಳಗಿ ಪಳಗಿ ಕಪ್ಪಾಗಿರುವ ಕಬ್ಬಿಣದ ಬಾಣಲೆಯ ರುಚಿ ಹೊಸ ಬಾಣಲೆಗೆ ಬರುವುದಿಲ್ಲವೆಂದು ಚೀಣೀ ಅಡುಗೆಯವರು ನಂಬುತ್ತಾರೆ. ಏಳು ಸಲ ತೊಳೆದರೆ ಅದು ಹಲಾಲ್ ಆದೀತು. ಆದರೆ ತಂದೆಯ ಬಾಣಲೆಯಾಗಿ ಉಳಿದೀತೆ? ಮದ್ಯವಿಲ್ಲದ ಸಾರಿಗೆ ಹಳೆಯ ಗ್ರಾಹಕರು ಮುಖ ಸಿಂಡರಿಸುವುದಿಲ್ಲವೆ? ಹಂದಿಕೊಬ್ಬಿನ ಬದಲು ಎಣ್ಣೆಯಲ್ಲಿ ಹುರಿದ ಶಾವಿಗೆಯನ್ನು ಅದೇ ಹೆಸರಿನಿಂದ ಕರೆಯುವುದು ಸರಿಯೆ? ಇವು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ನಷ್ಟಗಳು. ಇದಕ್ಕೆ ಪ್ರತಿಯಾಗಿ ಬರುವ ಲಾಭ, ಹುಟ್ಟುಹಬ್ಬಕ್ಕೋ ಮದುವೆಯ ಮಾತುಕತೆಗೋ ಮೂರು ತಲೆಮಾರಿನ ಮಲಯ ಕುಟುಂಬವೊಂದು ಬಾಗಿಲು ತಳ್ಳಿಕೊಂಡು ಒಳಗೆ ಬರುವುದು. ವ್ಯಾಪಾರಿಯು ಮುದ್ರೆಗೆ ಅರ್ಜಿ ಹಾಕುವುದು ಧರ್ಮಪ್ರೀತಿಯಿಂದಲ್ಲ, ಆ ಕುಟುಂಬಕ್ಕಾಗಿ. ಅದರಲ್ಲಿ ನಾಚುವಂಥದೇನೂ ಇಲ್ಲ.

ಇಷ್ಟು ದೂರ ಹೋಗಲಾರದವರು ನಡುದಾರಿಯೊಂದನ್ನು ಹಿಡಿದಿದ್ದಾರೆ. 'ಹಂದಿಮಾಂಸವಿಲ್ಲ, ಹಂದಿಕೊಬ್ಬಿಲ್ಲ' ಎಂಬ ಫಲಕವನ್ನು ನಗರದ ಎಷ್ಟೋ ಅಂಗಡಿಗಳಲ್ಲಿ ಕಾಣಬಹುದು. ಅದು ಹಲಾಲ್ ಎಂದು ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಕೋಳಿ ಎಲ್ಲಿ ಕೊಯ್ದದ್ದು, ಸಾರದಲ್ಲಿ ಮದ್ಯವಿದೆಯೆ ಎಂಬ ಪ್ರಶ್ನೆಗಳಿಗೆ ಫಲಕ ಮೌನ. ಇನ್ನು ಮುಸಲ್ಮಾನರೇ ನಡೆಸುವ ಚಿಕ್ಕ ಮಳಿಗೆಗಳಲ್ಲಿ ಅನೇಕರು ಮುದ್ರೆ ಪಡೆದಿಲ್ಲ. ತಲೆಮಾರುಗಳಿಂದ ಉಣಿಸಿದವರಿಗೆ ಕಾಗದವೇಕೆ, ಶುಲ್ಕವೇಕೆ ಎಂಬುದು ಅವರ ವಾದ. ಅದು ಸುಳ್ಳಲ್ಲ. ಆದರೆ ಪರಊರಿನಿಂದ ಬಂದ ಮುಸಲ್ಮಾನನು ಮುದ್ರೆಯಿರುವ ವಿದೇಶೀ ಬರ್ಗರ್ ಅಂಗಡಿಯನ್ನು ನಂಬಿ ಒಳಹೊಕ್ಕು, ಮುದ್ರೆಯಿಲ್ಲದ ಸ್ವಮತದ ಮುದುಕಿಯ ಮಳಿಗೆಯ ಮುಂದೆ ಹಿಂಜರಿಯುವ ವಿಪರೀತವೂ ಇದರಿಂದ ಸಂಭವಿಸುತ್ತದೆ. ಕಾಗದ ಬಂದ ಕಡೆಯೆಲ್ಲ ಮುಖಪರಿಚಯದ ಬೆಲೆ ಒಂದಿಷ್ಟು ಇಳಿಯುತ್ತದೆ.

ಕೂಡಿಸುವುದೋ, ಬೇರ್ಪಡಿಸುವುದೋ

ಸಿಂಗಪುರವನ್ನು ಕಟ್ಟಿದ ಲೀ ಕ್ವಾನ್ ಯೂ ಅವರು 2011ರಲ್ಲಿ ಪ್ರಕಟವಾದ ಸಂದರ್ಶನ ಗ್ರಂಥದಲ್ಲಿ, ಮುಸಲ್ಮಾನರು ಆಚರಣೆಯ ಬಿಗಿಯನ್ನು ಸ್ವಲ್ಪ ಸಡಿಲಿಸಿ ಇತರರೊಡನೆ ಕುಳಿತು ಉಣ್ಣಬೇಕೆಂಬ ಅಭಿಪ್ರಾಯವನ್ನು ಸೂಚಿಸಿದರು. ತಮ್ಮ ಯೌವನದಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರೆಂಬುದು ಆ ಹಿರಿಯರ ನೆನಪು. ಮುಸಲ್ಮಾನರಿಗೆ ಇದು ನೋವುಂಟುಮಾಡಿತು. ತಮ್ಮ ಮತವನ್ನು ಬಿಟ್ಟುಕೊಡದೆಯೂ ಈ ನಾಡಿನ ಮಕ್ಕಳಾಗಿ ಬಾಳಿದ್ದೇವೆ ಎಂದು ಅವರ ಸಂಘಗಳು ಪ್ರತಿಭಟಿಸಿದವು. ಕೆಲವೇ ವಾರಗಳಲ್ಲಿ ಲೀ ಅವರು ತಮ್ಮ ಮಾತು ಕಾಲಕ್ಕೆ ಹಿಂದಾದುದೆಂದು ಒಪ್ಪಿಕೊಂಡರು. ಒಪ್ಪಿಕೊಳ್ಳುವ ಅಭ್ಯಾಸವಿಲ್ಲದ ಆ ಉಕ್ಕಿನ ಮನುಷ್ಯನಿಂದ ಬಂದ ಮಾತಾದ್ದರಿಂದ ಅದಕ್ಕೆ ತೂಕವಿತ್ತು.

ಅವರ ಆತಂಕ ನಿರಾಧಾರವೆನ್ನಲೂ ಆಗುವುದಿಲ್ಲ. ಉಪಾಹಾರ ಕೇಂದ್ರಗಳಲ್ಲಿ ಉಂಡ ತಟ್ಟೆಗಳನ್ನು ಗ್ರಾಹಕರೇ ತೆಗೆದಿಡಬೇಕೆಂಬ ಕಟ್ಟಳೆಯನ್ನು 2021ರ ಸೆಪ್ಟೆಂಬರ್ 1ರಿಂದ ಬಿಗಿಗೊಳಿಸಿದರು. ತಟ್ಟೆ ಇಡುವ ಕಡೆ ಎರಡು ಗೂಡುಗಳಿರುತ್ತವೆ: ಒಂದು ಹಲಾಲ್ ತಟ್ಟೆಗಳಿಗೆ, ಇನ್ನೊಂದು ಉಳಿದವುಗಳಿಗೆ. ಒಂದೇ ಮೇಜಿನಲ್ಲಿ ನಗುನಗುತ್ತಾ ಉಂಡ ಇಬ್ಬರು ಗೆಳತಿಯರು ಎದ್ದು ಎರಡು ಗೂಡುಗಳ ಕಡೆಗೆ ಹೋಗುವ ದೃಶ್ಯ ಅಲ್ಲಿ ನಿತ್ಯವೂ ಕಾಣಸಿಗುತ್ತದೆ. ಇದನ್ನು ಕಂಡು ನಿಟ್ಟುಸಿರುಬಿಡುವವರೂ ಇದ್ದಾರೆ. ಆದರೆ ಆ ಎರಡು ಗೂಡುಗಳಿಲ್ಲದಿದ್ದರೆ ಆ ಇಬ್ಬರೂ ಒಂದು ಮೇಜಿಗೆ ಬರುತ್ತಲೇ ಇರಲಿಲ್ಲವೆಂಬುದನ್ನು ಮರೆಯಬಾರದು. ತಟ್ಟೆ ಬೇರೆಯಾದದ್ದರಿಂದಲೇ ಮೇಜು ಒಂದಾಗಿದೆ.

ಎಚ್ಚರ ಅತಿಯಾದರೂ ಎಡವಟ್ಟಾಗುವುದುಂಟು. 2010ರ ಚೀಣೀ ಹೊಸ ವರ್ಷಕ್ಕೆ ಬರ್ಗರ್ ಕಂಪನಿಯೊಂದು ಚೀಣೀ ಪಂಚಾಂಗದ ಹನ್ನೆರಡು ಪ್ರಾಣಿಗಳ ಬೊಂಬೆಗಳನ್ನು ಮಾರಲು ಹೊರಟು, ತನ್ನದು ಹಲಾಲ್ ಅಂಗಡಿಯೆಂಬ ಕಾರಣಕ್ಕೆ ಹಂದಿಯನ್ನು ಕೈಬಿಟ್ಟು ಅದರ ಸ್ಥಾನದಲ್ಲಿ ಮನ್ಮಥನ ಬೊಂಬೆಯನ್ನಿಟ್ಟಿತು. ಹಂದಿಯ ವರ್ಷದಲ್ಲಿ ಹುಟ್ಟಿದ ಚೀಣೀಯರು ಕೆರಳಿದರು. ಬೊಂಬೆಯನ್ನು ಯಾರೂ ತಿನ್ನುವುದಿಲ್ಲವಲ್ಲ ಎಂಬ ಸರಳ ಸಂಗತಿ ಕಂಪನಿಗೆ ತಡವಾಗಿ ಹೊಳೆಯಿತು. ಅದು ಕ್ಷಮೆ ಕೇಳಿ ಹಂದಿಯನ್ನು ಮರಳಿ ತಂದಿತು.

ಊರಿನಿಂದ ಹೋದ ಸಸ್ಯಾಹಾರಿ ಕನ್ನಡಿಗನಿಗೆ ಈ ನಗರದಲ್ಲಿ ಮೊದಲ ದಿನವೇ ಅನುಭವವಾಗುವ ಸಂಗತಿಯೊಂದಿದೆ. ಭಾರತದಲ್ಲಿ 2001ರಿಂದ ಪೊಟ್ಟಣದ ಆಹಾರದ ಮೇಲೆ ಹಸಿರು ಚುಕ್ಕೆಯಿರಬೇಕೆಂಬ ನಿಯಮ ಬಂದು, ಆ ಚುಕ್ಕೆಯನ್ನು ಕಂಡ ಕಣ್ಣು ಮುಂದೆ ಓದುವ ಗೋಜಿಗೆ ಹೋಗುವುದಿಲ್ಲ. ಸಿಂಗಪುರದಲ್ಲಿ ಹಲಾಲಿನ ಹಸಿರು ಮುದ್ರೆಯನ್ನು ಕಂಡು ಅದನ್ನೇ ಹಸಿರು ಚುಕ್ಕೆಯೆಂದು ಭ್ರಮಿಸಿದರೆ ಕೆಲಸ ಕೆಟ್ಟಿತು! ಬರಿಯ ಸೊಪ್ಪಿನ ಪಲ್ಯವೆಂದು ತರಿಸಿಕೊಂಡದ್ದರಲ್ಲಿ ಬೆಲಚಾನ್ ಎಂಬ ಒಣಸೀಗಡಿಯ ಮುದ್ದೆ ಅರೆದಿರುತ್ತದೆ. ಅದು ಹಲಾಲ್ ಹೌದು, ಸಸ್ಯಾಹಾರವಲ್ಲ. ಸೆರಂಗೂನ್ ರಸ್ತೆಯ ಹಳೆಯ ಸಸ್ಯಾಹಾರಿ ಹೋಟೆಲುಗಳಲ್ಲಿ ಇಡ್ಲಿ ದೋಸೆಗಳಿಗೆ ಕೊರತೆಯಿಲ್ಲವೆನ್ನಿ. ಆದರೆ ಕಚೇರಿಯ ಜೊತೆಗಾರರೊಡನೆ ಹೊರಟ ದಿನ ಅವನೂ ಮಳಿಗೆಯ ಮುಂದೆ ನಿಂತು 'ಇದರಲ್ಲಿ ಏನೇನು ಹಾಕಿದ್ದೀರಿ?' ಎಂದು ಕೇಳಲೇಬೇಕು. ಹಾಗೆ ಕೇಳಿದಾಗ ಹಿಂದೆ ನಿಂತ ಸರದಿಯವರ ಅಸಹನೆ, ಜೊತೆಗಾರರ ಮುಗುಳ್ನಗೆ, ತನ್ನ ಸಂಕೋಚ ಇವೆಲ್ಲವೂ ಅನುಭವಕ್ಕೆ ಬಂದು, ಗೋಡೆಯ ಮೇಲೆ ಹಸಿರು ಮುದ್ರೆಯಿದ್ದರೆ ಮುಸಲ್ಮಾನ ಗೆಳೆಯನಿಗೆ ಎಷ್ಟು ಪ್ರಶ್ನೆಗಳು ಉಳಿಯುತ್ತವೆಂಬುದು ಅವನಿಗೆ ಯಾರೂ ಹೇಳದೆಯೇ ತಿಳಿ���ುತ್ತದೆ.

ಚೀಣೀ ಹೊಸ ವರ್ಷದ ಹದಿನೈದು ದಿನಗಳಲ್ಲಿ ಸಿಂಗಪುರದ ಕಚೇರಿಗಳಲ್ಲೆಲ್ಲ ಯೂಶೆಂಗ್ ಎಂಬ ತಿನಿಸಿನ ಉತ್ಸವ ನಡೆಯುತ್ತದೆ. ದೊಡ್ಡ ಹರಿವಾಣದಲ್ಲಿ ಹಸಿಮೀನಿನ ತೆಳುಹೋಳುಗಳು, ಎಳೆಎಳೆಯಾಗಿ ತುರಿದ ಮೂಲಂಗಿ ಗಜ್ಜರಿ, ನೆಲಗಡಲೆಯ ಪುಡಿ, ಎಳ್ಳು. ಸುತ್ತ ನಿಂತವರೆಲ್ಲ ಉದ್ದನೆಯ ಕಡ್ಡಿಗಳಿಂದ ಅದನ್ನು ಮೇಲಕ್ಕೆತ್ತಿ ಎತ್ತಿ ಎರಚುತ್ತಾ ಶುಭವನ್ನು ಕೂಗುತ್ತಾರೆ. ಎಷ್ಟು ಎತ್ತರಕ್ಕೆ ಹಾರಿದರೆ ಅಷ್ಟು ಭಾಗ್ಯ. ಕಚೇರಿಯಲ್ಲಿ ಮುಸಲ್ಮಾನರಿದ್ದರೆ ಹರಿವಾಣವನ್ನು ಹಲಾಲ್ ಮುದ್ರೆಯುಳ್ಳ ಹೋಟೆಲಿನಿಂದಲೇ ತರಿಸುವುದು ಈಗ ರೂಢಿ. ಸಸ್ಯಾಹಾರಿಗಳಿದ್ದರೆ ಮೀನಿನ ಹೋಳುಗಳನ್ನು ಬೇರೊಂದು ಬಟ್ಟಲಿನಲ್ಲಿ ಕಳುಹಿಸುವಂತೆ ಮೊದಲೇ ಹೇಳಿಡುತ್ತಾರೆ. ಎರಚಾಟ ಮುಗಿಯುವ ಹೊತ್ತಿಗೆ ಅರ್ಧ ಹರಿವಾಣ ಮೇಜಿನ ಮೇಲೆ ಚೆಲ್ಲಿರುತ್ತದೆ. ಉಳಿದ ಅರ್ಧವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ.